ಎಂಜಲಲ್ಲೇ ಅಡುಗೆ: ಆಕ್ಟೋಪಸ್ಸಿನ ವಿಷ ಎಲ್ಲಿ ಹುಟ್ಟುತ್ತದೆ?

ನಳ್ಳಿ ಸಾರಿನ ಊಟಕ್ಕೆ ಕೂತವರು ಗಡಿಯಾರ ನೋಡಬಾರದು. ಮದ್ದೂರಿನ ಹತ್ತಿರದ ನಮ್ಮ ದೊಡ್ಡಮ್ಮನ ಮನೆಯಲ್ಲಿ ಮುದ್ದೆ ಐದೇ ನಿಮಿಷಕ್ಕೆ ಖಾಲಿಯಾಗುತ್ತದೆ. ನಿಜವಾದ ಕೆಲಸ ಶುರುವಾಗುವುದು ಆಮೇಲೆ. ಕಾಲು ಮುರಿ, ಹಲ್ಲಲ್ಲಿ ಕಡಿ, ಹೀರು, ಉಗಿ, ಮತ್ತೆ ಕಡಿ. ಗದ್ದೆ ಬದುವಿನ ಬಿಲದಿಂದ ಹಿಡಿದು ತಂದ ನಳ್ಳಿಗಳು ಸಣ್ಣವು. ಅವುಗಳ ಕಾಲೊಳಗಿನ ಮಾಂಸ ಎಂದರೆ ಕಡ್ಡಿ ಗಾತ್ರದ ಒಂದು ಎಳೆ, ಅಷ್ಟೇ. ಒಂದು ಗಂಟೆ ಹೋರಾಡಿದ ಮೇಲೂ ತಟ್ಟೆ ಪಕ್ಕ ಗುಡ್ಡೆ ಬಿದ್ದ ಚಿಪ್ಪಿನಲ್ಲಿ ಅರ್ಧ ಮಾಂಸ ಹಾಗೇ ಇರುತ್ತದೆ. ದೊಡ್ಡಮ್ಮ ಅದನ್ನು ನೋಡಿ "ಪೇಟೆಯವ್ರು ತಿನ್ನೋದು ಹಿಂಗೇಯ" ಎಂದು ನಗುತ್ತಾರೆ.

ಏಡಿ ತಿನ್ನುವುದರಲ್ಲಿ ದೊಡ್ಡಮ್ಮನನ್ನೂ ಮೀರಿಸುವ ಒಂದು ಪ್ರಾಣಿ ಇದೆ. ಆಕ್ಟೋಪಸ್. ಸಮುದ್ರದ ತಳದಲ್ಲಿ ಅದು ಇರುವ ಪೊಟರೆಯ ಬಾಗಿಲಲ್ಲೂ ಹೀಗೇ ಚಿಪ್ಪಿನ ಗುಡ್ಡೆ ಬಿದ್ದಿರುತ್ತದೆ. ಆಕ್ಟೋಪಸ್ ಎಲ್ಲಿದೆ ಎಂದು ಮುಳುಗುಗಾರರು ಪತ್ತೆ ಹಚ್ಚುವುದೇ ಆ ಕಸದ ಗುಡ್ಡೆ ನೋಡಿ. ಆದರೆ ಆ ಚಿಪ್ಪುಗಳನ್ನು ಕೈಗೆತ್ತಿಕೊಂಡರೆ ಆಶ್ಚರ್ಯವಾಗುತ್ತದೆ. ಎಷ್ಟೋ ಏಡಿಗಳ ಕಾಲು ಪುಡಿಯಾಗಿರುವುದಿಲ್ಲ, ಒಳಗೆ ಮಾತ್ರ ತೊಳೆದಿಟ್ಟ ಪಾತ್ರೆಯ ಹಾಗೆ ಖಾಲಿ. ಅಗಿಯುವ ಹಲ್ಲಿಲ್ಲದ, ಮೈಯಲ್ಲಿ ಒಂದು ಮೂಳೆಯೂ ಇಲ್ಲದ ಪ್ರಾಣಿ ಇದನ್ನು ಹೇಗೆ ಮಾಡುತ್ತದೆ?

ಉತ್ತರ ಅದರ ಎಂಜಲಿನಲ್ಲಿದೆ. ಆಕ್ಟೋಪಸ್ಸಿನ ವಿಷ ಎಂದು ನಾವು ಕರೆಯುವುದು ಅದರ ಜೊಲ್ಲನ್ನೇ. ವಿಷ ತಯಾರಾಗುವ ಗ್ರಂಥಿ ನಮ್ಮ ಕೆನ್ನೆ ಮತ್ತು ದವಡೆಯಲ್ಲಿರುವ ಜೊಲ್ಲುಗ್ರಂಥಿಯ ಕೆಲಸವನ್ನೇ ಮಾಡುವ ಅಂಗ. ಪಠ್ಯಪುಸ್ತಕದಲ್ಲಿ ಲಾಲಾಗ್ರಂಥಿ ಎಂದು ಓದಿರುತ್ತೀರಿ. ಕಬ್ಬಿನ ಗದ್ದೆಯಲ್ಲಿ ನಮ್ಮ ಮಂಡ್ಯದವರು ಹೆದರುವ ಕೊಳಕುಮಂಡಲದ ವಿಷವೂ ಹುಟ್ಟುವುದು ಬಾಯಿಯ ಗ್ರಂಥಿಯಲ್ಲೇ. ಹಾವಿಗೂ ಆಕ್ಟೋಪಸ್ಸಿಗೂ ದೂರದ ನೆಂಟಸ್ತಿಕೆಯೂ ಇಲ್ಲ ಎನ್ನಬಹುದು. ಆದರೂ ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಬಂದು ಅದೇ ಉಪಾಯಕ್ಕೆ ಮುಟ್ಟಿದ್ದಾರೆ: ಊಟಕ್ಕೆ ಸಹಾಯ ಮಾಡುವ ರಸವನ್ನು ಊಟಕ್ಕೆ ಮೊದಲೇ, ಊಟ ಇನ್ನೂ ಓಡಾಡುತ್ತಿರುವಾಗಲೇ, ಅದರೊಳಗೆ ಇಳಿಸಿಬಿಡುವುದು.

ಇಲ್ಲಿ ಒಂದು ಮಾತಿನ ತೊಡಕಿದೆ. ತಿಂದರೆ ಕೊಲ್ಲುವ ದತ್ತೂರಿಯದ್ದೂ ವಿಷ, ಕಚ್ಚಿ ಇಳಿಸುವ ನಾಗರಹಾವಿನದ್ದೂ ವಿಷ ಎನ್ನುತ್ತೇವೆ. ಹಳೇ ಮೈಸೂರಿನ ಕಡೆ 'ನಂಜು' ಎನ್ನುವ ಒಳ್ಳೆಯ ಪದ ಇದೆ, ನಂಜನಗೂಡಿನ ನಂಜುಂಡನ ಹೆಸರಲ್ಲೇ ಕೂತಿದೆ. ಆದರೆ ಅದೂ ಎರಡಕ್ಕೂ ಆಗುತ್ತದೆ, ಮುಳ್ಳು ಚುಚ್ಚಿ ಕಾಲು ಊದಿಕೊಂಡರೆ ಅದಕ್ಕೂ ಆಗುತ್ತದೆ. ಜೀವಶಾಸ್ತ್ರದವರಿಗೆ ಮಾತ್ರ ವ್ಯತ್ಯಾಸ ಮುಖ್ಯ. ಗಾಯ ಮಾಡಿ, ಆ ಗಾಯದ ಮೂಲಕ ಒಳಗೆ ಬಿಡುವುದು ಒಂದು ಬಗೆ. ಮೈಯಲ್ಲಿ ಸುಮ್ನೆ ಇಟ್ಟುಕೊಂಡು, ತಿಂದವರಿಗೆ ತಗಲುವುದು ಇನ್ನೊಂದು ಬಗೆ. ಆಕ್ಟೋಪಸ್ಸಿನದು ಮೊದಲನೆಯದು. ಒಂದೇ ಒಂದು ಕುಲದಲ್ಲಿ ಎರಡೂ ಇದೆ, ಅದರ ಕಥೆ ಮುಂದೆ ಬರುತ್ತದೆ.

ಇನ್ನೆರಡು ತಪ್ಪು ತಿಳಿವಳಿಕೆಯನ್ನು ಇಲ್ಲೇ ಮುಗಿಸೋಣ. ಆಕ್ಟೋಪಸ್ ಉಗುಳುವ ಕಪ್ಪು ಶಾಯಿ ವಿಷವಲ್ಲ. ಅದರ ಬಣ್ಣ ಮೆಲನಿನ್‌ನದು, ನಮ್ಮ ಕೂದಲನ್ನು ಕಪ್ಪಾಗಿಸುವ ವಸ್ತುವೇ. ಶಾಯಿಯ ಚೀಲ ಇರುವುದು ಹೊಟ್ಟೆಯ ಭಾಗದಲ್ಲಿ, ಅದರ ಕೊಳವೆ ತೆರೆದುಕೊಳ್ಳುವುದು ಗುದದ ಹತ್ತಿರ. ಬಾಯಿಗೂ ಅದಕ್ಕೂ ಸಂಬಂಧವೇ ಇಲ್ಲ. ಹಾಗೆಯೇ ಎಂಟು ತೋಳುಗಳಲ್ಲೂ ಚುಚ್ಚಿ ಇಳಿಸುವ ವಿಷ ಇಲ್ಲ. ಲೋಳೆಮೀನಿನ ಹಾಗೆ ಮುಟ್ಟಿದರೆ ಚುರುಗುಟ್ಟುವ ಕೊಂಡಿ ಅಲ್ಲಿಲ್ಲ, ಅಂಟಿ ಹಿಡಿಯುವ ಬಟ್ಟಲುಗಳು ಮಾತ್ರ.

ಓದಿ ತಿಳಿದದ್ದು ಇಷ್ಟು. ಕಣ್ಣಾರೆ ನೋಡಬೇಕು ಅನ್ನಿಸಿತು. ಮೈಸೂರಿಗೆ ಸಮುದ್ರ ಎಲ್ಲಿ ಬರಬೇಕು? ಆದರೆ ಮಂಗಳೂರಿನಿಂದ ಐಸ್ ಪೆಟ್ಟಿಗೆಗಳು ಬರುತ್ತವೆ ಅಲ್ವಾ. ಪರಿಚಯದ ಮೀನಂಗಡಿಯವರಿಗೆ ಎರಡು ವಾರ ಕಾಟ ಕೊಟ್ಟೆ. ಬೊಂಡಾಸ್ ಎಷ್ಟು ಬೇಕಾದರೂ ಇದೆ ಸರ್, ಆಕ್ಟೋಪಸ್ ಯಾರು ತಗೋತಾರೆ ಎಂದು ಗೊಣಗುತ್ತಲೇ ಒಂದನ್ನು ತರಿಸಿಕೊಟ್ಟರು. ಒಂದು ಕಿಲೋಗಿಂತ ಸ್ವಲ್ಪ ಕಡಿಮೆ. ಅಡುಗೆಮನೆಯ ಸಿಂಕಿನಲ್ಲಿ ಅದನ್ನು ಇಡಲು ಮನೆಯವರು ಬಿಡಲಿಲ್ಲ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲೇ ನನ್ನ ಪ್ರಯೋಗಾಲಯವಾಯಿತು. ಒಂದು ಬ್ಲೇಡು, ಒಂದು ಕತ್ತರಿ, ಒಂದು ಚೊಂಬು ನೀರು. ಗೋಡೆಯ ಮೇಲೆ ಪಕ್ಕದ ಮನೆಯ ಬೆಕ್ಕು.

ಆಕ್ಟೋಪಸ್ಸನ್ನು ಬೋರಲು ಹಾಕಿ ತೋಳುಗಳನ್ನು ಹೂವಿನ ಎಸಳಿನ ಹಾಗೆ ಹರಡಿದರೆ ನಡುವೆ ಒಂದು ತೂತು ಕಾಣುತ್ತದೆ. ಅದೇ ಬಾಯಿ. ಬೆರಳಿನಿಂದ ಒತ್ತಿದರೆ ಒಳಗಿಂದ ಕಂದುಕಪ್ಪು ಕೊಕ್ಕೊಂದು ಇಣುಕುತ್ತದೆ. ಗಿಣಿಯ ಕೊಕ್ಕು ಎಂದು ಎಲ್ಲರೂ ಹೋಲಿಸುತ್ತಾರೆ. ಸರಿಯಾಗಿ ನೋಡಿದರೆ ತಿರುಗುಮುರುಗು: ಗಿಣಿಯಲ್ಲಿ ಮೇಲಿನ ಕೊಕ್ಕು ಕೆಳಗಿನದನ್ನು ಮುಚ್ಚುತ್ತದೆ, ಇಲ್ಲಿ ಕೆಳಗಿನದು ಮೇಲಿನದನ್ನು ಒಳಗೆ ಸೇರಿಸಿಕೊಳ್ಳುತ್ತದೆ. ಕೊಕ್ಕಿನ ಸುತ್ತ ಗಟ್ಟಿ ಸ್ನಾಯುವಿನ ಒಂದು ಉಂಡೆ ಇದೆ, ದೊಡ್ಡ ಗೋಲಿಯಷ್ಟು. ಕಚ್ಚುವುದು, ತುರಿಯುವುದು, ನುಂಗುವುದು ಎಲ್ಲ ಈ ಉಂಡೆಯ ಕೆಲಸ. ಸುತ್ತಲಿನ ಚರ್ಮ ಕತ್ತರಿಸಿದರೆ ಉಂಡೆ ಸುಲಭವಾಗಿ ಹೊರಗೆ ಬರುತ್ತದೆ. ಮೀನು ಕೊಯ್ಯುವವರು 'ಹಲ್ಲು ತೆಗೆದಿದ್ದೀನಿ' ಎಂದು ಎತ್ತಿ ಎಸೆಯುವುದು ಇದನ್ನೇ.

ಉಂಡೆಯ ಹಿಂಭಾಗಕ್ಕೆ ಅಂಟಿಕೊಂಡಂತೆ ಎರಡು ಸಣ್ಣ, ಚಪ್ಪಟೆ ಗ್ರಂಥಿಗಳಿವೆ. ಇವು ಮುಂಬದಿಯ ಜೊಲ್ಲುಗ್ರಂಥಿಗಳು. ಕೊಕ್ಕಿನ ಕೆಳಗೆ ಒಂಟಿಯಾಗಿ ಇನ್ನೊಂದು ಗ್ರಂಥಿ ಇದೆ, ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಮುಂಬದಿಯವು ಹೆಚ್ಚಾಗಿ ಲೋಳೆ ತಯಾರಿಸುತ್ತವೆ. ನಾವು ಹುಡುಕುತ್ತಿರುವುದು ಇವನ್ನಲ್ಲ.

ವಿಷದ ಗ್ರಂಥಿಗಳು ಬಾಯಿಯ ಹತ್ತಿರ ಇಲ್ಲವೇ ಇಲ್ಲ. ಅವು ತಲೆ ದಾಟಿ, ಕಣ್ಣುಗಳನ್ನೂ ಮಿದುಳನ್ನೂ ದಾಟಿ, ಮೈಚೀಲದೊಳಗೆ ಕೂತಿವೆ. ನಾವು 'ತಲೆ' ಎಂದುಕೊಳ್ಳುವ ಆ ಉಬ್ಬಿದ ಬುರುಡೆಯಂಥ ಭಾಗ ನಿಜಕ್ಕೂ ಆಕ್ಟೋಪಸ್ಸಿನ ಹೊಟ್ಟೆ. ಅದರ ಬೆನ್ನಿನ ಕಡೆಯಿಂದ ಚರ್ಮ ಮತ್ತು ಸ್ನಾಯುವನ್ನು ಮೆಲ್ಲಗೆ ಸೀಳಿದೆ. ಮೊದಲು ಕಾಣುವುದು ದೊಡ್ಡ ಕಂದು ಮುದ್ದೆ, ಈಲಿಯ ಹಾಗೆ. ಅದು ಜೀರ್ಣಗ್ರಂಥಿ. ಅದಕ್ಕೂ ತಲೆಗೂ ನಡುವೆ, ಅನ್ನನಾಳದ ಎಡಕ್ಕೊಂದು ಬಲಕ್ಕೊಂದು, ಬೆಣ್ಣೆ ಬಣ್ಣದ ಎರಡು ಚಪ್ಪಟೆ ತುಂಡುಗಳು. ಎರಡು ಬಾದಾಮಿ ಬೀಜ ಜೋಡಿಸಿಟ್ಟ ಹಾಗೆ, ಬಾದಾಮಿಗಿಂತ ಸ್ವಲ್ಪ ದೊಡ್ಡವು. ಕಂದು ಮುದ್ದೆಯ ಮುಂದೆ ಅವು ಎದ್ದು ಕಾಣುತ್ತವೆ. ಹಿಂಬದಿಯ ಜೊಲ್ಲುಗ್ರಂಥಿಗಳು ಎಂದರೆ ಇವೇ. ಎಷ್ಟು ಓದಿದ್ದರೂ, ಒಗೆಯುವ ಕಲ್ಲಿನ ಮೇಲೆ ಅವನ್ನು ಕಂಡಾಗ 'ಇಷ್ಟೇನಾ?' ಅನ್ನಿಸಿದ್ದು ನಿಜ.

ಪ್ರತಿ ಗ್ರಂಥಿಯಿಂದ ಒಂದೊಂದು ಬಿಳಿ ಕೊಳವೆ ಹೊರಟು ಮುಂದಕ್ಕೆ ಹೋಗುತ್ತದೆ. ಸ್ವಲ್ಪ ದೂರದಲ್ಲಿ ಎರಡೂ ಸೇರಿ ಒಂದಾಗುತ್ತವೆ. ಆ ಒಂದು ಕೊಳವೆ ಅನ್ನನಾಳದ ಜೊತೆಗೇ ತಲೆಯೊಳಗೆ ನುಗ್ಗುತ್ತದೆ. ಎಲ್ಲಿಗೆ ಹೋಗುತ್ತದೆ ಎಂದು ಕತ್ತರಿ ಹಿಡಿದು ಹಿಂಬಾಲಿಸಿದರೆ ಒಂದು ವಿಚಿತ್ರ ಎದುರಾಗುತ್ತದೆ. ಅದು ಮಿದುಳಿನ ಒಳಗೇ ಹಾದುಹೋಗುತ್ತದೆ.

ಆಕ್ಟೋಪಸ್ಸಿನ ಮಿದುಳು ಉದ್ದಿನ ವಡೆಯ ಆಕಾರದ್ದು. ನಡುವೆ ತೂತು. ಆ ತೂತಿನಲ್ಲೇ ಅನ್ನನಾಳ ಹೋಗಬೇಕು, ವಿಷದ ಕೊಳವೆ ಹೋಗಬೇಕು, ತಲೆಗೆ ರಕ್ತ ಒಯ್ಯುವ ನಾಳವೂ ಹೋಗಬೇಕು. ಇಷ್ಟು ಬುದ್ಧಿವಂತ ಪ್ರಾಣಿಗೆ ಇಂಥ ಪೇಚು ಯಾಕೆ ಎಂದರೆ, ಅದು ಹಳೇ ಮನೆಗೆ ಮಹಡಿ ಕಟ್ಟಿದ ಕಥೆ. ಆಕ್ಟೋಪಸ್ ನಮ್ಮ ಹಿತ್ತಲಿನ ಬಸವನಹುಳುವಿನ ಬಳಗದ್ದು. ಆ ಬಳಗದಲ್ಲಿ ನರಗಂಟುಗಳು ಅನ್ನನಾಳದ ಸುತ್ತ ಬಳೆಯಂತೆ ಇರುತ್ತವೆ. ಬಳೆ ಬೆಳೆದು ಮಿದುಳಾಯಿತು, ತೂತು ಇದ್ದಲ್ಲೇ ಉಳಿಯಿತು.

ನನ್ನ ಮಟ್ಟಿಗೆ ಇಡೀ ವಿಷಯದ ಬೀಗದ ಕೈ ಇರುವುದು ಇಲ್ಲೇ. ದೊಡ್ಡ ತುತ್ತು ನುಂಗಿದರೆ ಅದು ಮಿದುಳಿನ ನಡುವಿನ ಸಂದಿಯಲ್ಲಿ ಹಾದುಹೋಗಬೇಕು. ಹಾವಿನ ಹಾಗೆ ಇಡೀ ಇಲಿಯನ್ನು ಇಳಿಸುವ ಸೌಕರ್ಯ ಇದಕ್ಕಿಲ್ಲ. ಆದ್ದರಿಂದ ಆಹಾರ ಬಾಯಿಗೆ ಬರುವಾಗಲೇ ಸಣ್ಣದಾಗಿ, ಮೆದುವಾಗಿ ಇರಬೇಕು. ಅಂದರೆ ಅಡುಗೆ ಹೊರಗೇ ಆಗಬೇಕು, ಏಡಿಯ ಚಿಪ್ಪೇ ಪಾತ್ರೆಯಾಗಬೇಕು. ಹಿಂಬದಿಯ ಗ್ರಂಥಿಗಳ ಜೊಲ್ಲು ಏಡಿಯನ್ನು ಸುಮ್ಮನಾಗಿಸುವುದು ಅರ್ಧ ಕೆಲಸ. ಮಾಂಸವನ್ನು ಚಿಪ್ಪಿನಿಂದ ಬಿಡಿಸುವುದು ಉಳಿದರ್ಧ. 'ವಿಷ' ಎಂಬ ಪದ ಮೊದಲನೆಯದನ್ನು ಮಾತ್ರ ಹೇಳುತ್ತದೆ, ಅದಕ್ಕೇ ನನಗೆ ಎಂಜಲು ಎನ್ನುವ ಪದ ಜಾಸ್ತಿ ಇಷ್ಟ.

ಗ್ರಂಥಿಯ ಒಳಗೇನಿದೆ? ನಾನು ಅಡ್ಡಲಾಗಿ ಕೊಯ್ದಾಗ ಕಂಡದ್ದು ಸ್ಪಂಜಿನಂಥ, ಸ್ವಲ್ಪ ಅಂಟುವ ಮೈ. ಬರಿಗಣ್ಣಿಗೆ ಅಷ್ಟೇ. ಸೂಕ್ಷ್ಮದರ್ಶಕದಲ್ಲಿ ನೋಡಿದವರು ಹೇಳುವ ಚಿತ್ರ ಬೇರೆ. ಇಡೀ ಗ್ರಂಥಿ ಎಂದರೆ ಕವಲೊಡೆದು ಕವಲೊಡೆದು ಹೋದ ಸಣ್ಣ ಕೊಳವೆಗಳ ಕಂತೆ. ಪ್ರತಿ ಕೊಳವೆಯ ಒಳಗೋಡೆಯಲ್ಲಿ ಒಂದೇ ಸಾಲು ಜೀವಕೋಶಗಳು, ಇಟ್ಟಿಗೆ ಜೋಡಿಸಿದ ಹಾಗೆ. ಆ ಕೋಶಗಳ ತುಂಬ ಕಾಳುಕಾಳಾಗಿ ತುಂಬಿಟ್ಟ ಸರಕು. ಕೋಶ ತನ್ನ ಕಾಳುಗಳನ್ನು ಕೊಳವೆಯ ನಡುವಿನ ಖಾಲಿ ಜಾಗಕ್ಕೆ ಚೆಲ್ಲುತ್ತದೆ. ಸಣ್ಣ ಕೊಳವೆಗಳು ದೊಡ್ಡ ಕೊಳವೆಗೆ, ದೊಡ್ಡವು ಹೊರಗಿನ ನಾಳಕ್ಕೆ. ನಮ್ಮ ಕಡೆಯವರಿಗೆ ಕಾಲುವೆಯ ಲೆಕ್ಕ ಹೇಳಿದರೆ ಬೇಗ ಅರ್ಥವಾಗುತ್ತದೆ, ಆದರೆ ಇದು ತಿರುಗಿಸಿಟ್ಟ ಕಾಲುವೆ. ವಿಶ್ವೇಶ್ವರಯ್ಯ ನಾಲೆ ಒಂದು ಕಡೆಯಿಂದ ಹೊರಟು ಸಾವಿರ ಗದ್ದೆಗೆ ಹಂಚುತ್ತದೆ. ಇಲ್ಲಿ ಸಾವಿರ ಗದ್ದೆಯಿಂದ ತೊಟ್ಟು ತೊಟ್ಟು ಬಂದು ಒಂದು ನಾಲೆಗೆ ಸೇರುತ್ತದೆ.

ಆ ಕೊಳವೆಗಳ ಹೊರಗೆ ಸ್ನಾಯುವಿನ ಹೊದಿಕೆ ಇದೆ, ನರಗಳ ಎಳೆಗಳೂ ಇವೆ. ಹಾಗಾಗಿ ಜೊಲ್ಲು ತಾನಾಗಿ ಸೋರುವುದಿಲ್ಲ. ನರದ ಅಪ್ಪಣೆ ಬಂದಾಗ ಸ್ನಾಯು ಹಿಂಡುತ್ತದೆ, ರಸ ಮುಂದಕ್ಕೆ ನುಗ್ಗುತ್ತದೆ. ಗ್ರಂಥಿಗೆ ರಕ್ತದ ಪೂರೈಕೆಯೂ ಜೋರು. ಆಕ್ಟೋಪಸ್ಸಿನ ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರ ಇರುವುದರಿಂದ ಅದು ನೀಲಿ. ಐಸಿನಲ್ಲಿ ಬಂದ ನನ್ನದರಲ್ಲಿ ಆ ನೀಲಿ ಕಾಣಲಿಲ್ಲ, ಬೇಜಾರಾಯಿತು.

ಈಗ ಮತ್ತೆ ಬಾಯಿಗೆ ಬರೋಣ, ಏಕೆಂದರೆ ಕೊಳವೆಯ ಕೊನೆ ಇರುವುದು ಅಲ್ಲಿ. ಮಿದುಳಿನ ತೂತು ದಾಟಿದ ನಾಳ ಕೊಕ್ಕಿನ ಉಂಡೆಯೊಳಗೆ ಹೊಕ್ಕು, ನಾಲಿಗೆಯ ಕೆಳಗೆ ಒಂದು ಮೊಂಡು ತೊಟ್ಟಿನ ತುದಿಯಲ್ಲಿ ತೆರೆದುಕೊಳ್ಳುತ್ತದೆ. ಜೊಲ್ಲಿನ ತೊಟ್ಟು ಎನ್ನೋಣ. ಸ್ನಾಯುವಿನಿಂದ ಆದ ಈ ತೊಟ್ಟನ್ನು ಮುಂದಕ್ಕೆ ಚಾಚಬಹುದು, ಹಿಂದಕ್ಕೆ ಎಳೆದುಕೊಳ್ಳಬಹುದು. ಅದರ ಮೇಲಿರುವ ನಾಲಿಗೆಯೂ ನಮ್ಮಂಥದ್ದಲ್ಲ. ಸಾಲು ಸಾಲು ಸಣ್ಣ ಹಲ್ಲುಗಳಿರುವ ಪಟ್ಟಿ, ಹೆಸರು ರಾಡ್ಯುಲಾ. ಕಾಯಿ ತುರಿಯುವ ಮಣೆ ನೆನಪಾಗುತ್ತದೆ. ಮಳೆಗಾಲದಲ್ಲಿ ನಮ್ಮ ಪಾತಿಯ ಸೊಪ್ಪನ್ನೆಲ್ಲ ಕೆರೆದು ತಿನ್ನುವ ಬಸವನಹುಳುವಿಗೂ ಇಂಥದ್ದೇ ನಾಲಿಗೆ.

ಹಾವಿಗಿರುವ ಟೊಳ್ಳು ಹಲ್ಲು ಆಕ್ಟೋಪಸ್ಸಿಗಿಲ್ಲ. ಚುಚ್ಚುವುದು ಒಬ್ಬರು, ಸುರಿಯುವುದು ಇನ್ನೊಬ್ಬರು. ಮೆತ್ತಗಿನ ಜಾಗವಾದರೆ ಕೊಕ್ಕಿನಿಂದ ಕಚ್ಚಿ ಗಾಯ ಮಾಡಿ ಜೊಲ್ಲು ಬಿಡುತ್ತದೆ. ಏಡಿಯಲ್ಲಿ ಅಂಥ ಜಾಗಗಳು ಕಾಲಿನ ಕೀಲುಗಳ ನಡುವಿನ ತೆಳು ಪೊರೆ, ಮತ್ತೆ ಕಣ್ಣು. ಕಣ್ಣಿನ ಪೊರೆಯಲ್ಲಿ ಸಣ್ಣ ತೂತು ಮಾಡಿ ಅಲ್ಲಿಂದಲೇ ಜೊಲ್ಲು ಇಳಿಸುವುದನ್ನು ಗಮನಿಸಿದ್ದಾರೆ. ಚಿಪ್ಪಿನ ಹುಳುಗಳ ವಿಷಯದಲ್ಲಿ ಅಷ್ಟು ಸುಲಭವಿಲ್ಲ. ಎರಡು ಚಿಪ್ಪು ಬಿಗಿಯಾಗಿ ಮುಚ್ಚಿಕೊಂಡು ಕೂತವನನ್ನು ಮೊದಲು ತೋಳಿನಿಂದ ಎಳೆದು ನೋಡುತ್ತದೆ. ಬಾಗಿಲು ತೆಗೆಯದಿದ್ದರೆ ಕೊರೆಯುತ್ತದೆ. ತುರಿಯುವ ನಾಲಿಗೆ ಒಂದು ಸಾಧನ, ಜೊಲ್ಲಿನ ತೊಟ್ಟು ಇನ್ನೊಂದು. ತೊಟ್ಟಿನ ಮೇಲೂ ಪುಟ್ಟ ಹಲ್ಲುಗಳಿವೆ. ಕೊರೆದ ತೂತು ಹೊರಗೆ ಅಗಲ, ಒಳಗೆ ಇಕ್ಕಟ್ಟು. ಒಳತುದಿ ಸಾಸಿವೆ ಕಾಳೂ ಹಿಡಿಸದಷ್ಟು ಸಣ್ಣದು. ಕೈ ತೂರಿಸಲು ಅಲ್ಲವಲ್ಲ, ಒಂದು ಹನಿ ಇಳಿದರೆ ಸಾಕು. ಆ ಹನಿ ಇಳಿದ ಮೇಲೆ ಒಳಗಿನ ಸ್ನಾಯು ಸಡಿಲಾಗುತ್ತದೆ, ಬಾಗಿಲು ತಾನಾಗಿ ತೆರೆಯುತ್ತದೆ. ಅನುಭವವಿರುವ ಆಕ್ಟೋಪಸ್ಸುಗಳು ಎಷ್ಟೋ ಸಲ ಚಿಪ್ಪನ್ನು ಮುಚ್ಚಿ ಹಿಡಿದಿರುವ ಸ್ನಾಯುವಿನ ನೇರಕ್ಕೇ ತೂತು ಕೊರೆಯುತ್ತವೆ. ಚಿಪ್ಪಿನ ಹೊರಗಿನಿಂದ ಆ ಜಾಗ ಹೇಗೆ ಗೊತ್ತಾಗುತ್ತದೋ, ನನಗಂತೂ ಅದು ವಿಷಕ್ಕಿಂತ ದೊಡ್ಡ ಸೋಜಿಗ.

ಒಂದು ಹನಿಯಲ್ಲಿ ಇರುವುದೇನು? ಒಂದೇ ವಸ್ತು ಅಲ್ಲ, ಮಸಾಲೆ. ಒಂದು ಗುಂಪು ತೀರಾ ಸಣ್ಣ ಅಣುಗಳದ್ದು: ಸೆರೊಟೊನಿನ್, ಟೈರಮಿನ್, ಹಿಸ್ಟಮಿನ್, ಆಕ್ಟೊಪಮಿನ್. ಇವು ನರಗಳ ಜೊತೆ ಆಟವಾಡುತ್ತವೆ. ಚೇಳಿನ ವಿಷದಲ್ಲೂ ಸೆರೊಟೊನಿನ್ ಇದೆ. ಎರಡನೇ ಗುಂಪು ದೊಡ್ಡ ಪ್ರೋಟೀನುಗಳದ್ದು. ಏಡಿಗಳ ಚಲನೆಯನ್ನು ನಿಲ್ಲಿಸುವ ಇಂಥ ಒಂದಕ್ಕೆ ಸೆಫಲೊಟಾಕ್ಸಿನ್ ಎಂದು ಹೆಸರಿಟ್ಟಿದ್ದಾರೆ. ಮೂರನೆಯದು ಕಿಣ್ವಗಳು, ಅಂದರೆ ಕತ್ತರಿಸುವ ಕೆಲಸದವು. ಮಾಂಸದ ಪ್ರೋಟೀನನ್ನು ತುಂಡು ಮಾಡುವುದು ಒಂದು. ಜೀವಕೋಶಗಳ ನಡುವಿನ ಅಂಟನ್ನು ಕರಗಿಸಿ ಉಳಿದವರಿಗೆ ದಾರಿ ಮಾಡಿಕೊಡುವುದು ಇನ್ನೊಂದು, ಹಯಲುರೊನಿಡೇಸ್. ಈ ಕೊನೆಯ ಹೆಸರು ಮೈಸೂರಿಗೆ ಹೊಸದಲ್ಲ. ಮಾನಸಗಂಗೋತ್ರಿಯ ಜೀವರಸಾಯನ ವಿಭಾಗದಲ್ಲಿ ಹಾವಿನ ವಿಷದಲ್ಲಿರುವ ಇದೇ ಕಿಣ್ವದ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿದೆ. ಹಾವಿನಲ್ಲೂ ಆಕ್ಟೋಪಸ್ಸಿನಲ್ಲೂ ಇದರ ಪಾತ್ರ ಗದ್ದೆಯ ಬದು ಒಡೆಯುವವನದ್ದು: ಬದು ಒಡೆದರೆ ನೀರು ಹರಡಿತು.

2009ರಲ್ಲಿ ವಿಷಗಳ ಸಂಶೋಧಕ ಬ್ರಯನ್ ಫ್ರೈ ಮತ್ತು ಜೊತೆಗಾರರು ಆಕ್ಟೋಪಸ್, ಅದರ ನೆಂಟರಾದ ಸ್ಕ್ವಿಡ್ (ಬೊಂಡಾಸ್), ಕಟಲ್‌ಫಿಶ್‌ಗಳ ಗ್ರಂಥಿಗಳನ್ನು ಹೋಲಿಸಿ ನೋಡಿದರು. ಒಂದೇ ಬಗೆಯ ವಿಷದ ಪ್ರೋಟೀನುಗಳು ಮೂರರಲ್ಲೂ ಕಂಡವು. ಹಾಗಾದರೆ ಇವೆಲ್ಲದರ ಹಳೇ ಪೂರ್ವಜನೇ ವಿಷದ ಜೊಲ್ಲಿನವನು ಎಂದಾಯಿತು. ಮನುಷ್ಯರಿಗೆ ಅಪಾಯ ಮಾಡುವವು ಮಾತ್ರ ಬೆರಳೆಣಿಕೆ. ಸಾಮಾನ್ಯ ಆಕ್ಟೋಪಸ್ ಕಚ್ಚಿದರೆ ನೋವು, ಊತ, ಬೇಗ ವಾಸಿಯಾಗದ ಗಾಯ, ಅಷ್ಟಕ್ಕೆ ಮುಗಿಯುತ್ತದೆ.

ಆಕ್ಟೊಪಮಿನ್ ಎಂದೆನಲ್ಲ, ಅದರ ಹಿಂದೆ ಒಂದು ಕಥೆ ಇದೆ. ಇಟಲಿಯ ವಿಟ್ಟೋರಿಯೊ ಎರ್ಸ್ಪಾಮರ್ ಎಂಬ ವಿಜ್ಞಾನಿ 1930ರ ದಶಕದಲ್ಲಿ ಮೊಲದ ಕರುಳಿನಲ್ಲಿ ಸ್ನಾಯುವನ್ನು ಹಿಂಡಿಸುವ ವಸ್ತುವೊಂದನ್ನು ಕಂಡು ಎಂಟರಮಿನ್ ಎಂದು ಕರೆದರು. ಆಕ್ಟೋಪಸ್ಸಿನ ಹಿಂಬದಿಯ ಜೊಲ್ಲುಗ್ರಂಥಿಯಲ್ಲಿ ಅದೇ ವಸ್ತು ಧಾರಾಳವಾಗಿ ಸಿಕ್ಕಿತು. ಅಷ್ಟರಲ್ಲಿ ಅಮೆರಿಕದವರು ರಕ್ತದಲ್ಲಿ ಒಂದು ವಸ್ತು ಹಿಡಿದು ಸೆರೊಟೊನಿನ್ ಎಂದು ಹೆಸರಿಟ್ಟಿದ್ದರು. 1952ರ ಹೊತ್ತಿಗೆ ಎರಡೂ ಒಂದೇ ಎಂದು ಖಚಿತವಾಯಿತು. ಇವತ್ತು ಮನಸ್ಸಿನ ಖಿನ್ನತೆಯ ಮಾತು ಬಂದಾಗಲೆಲ್ಲ ಕೇಳುವ ಹೆಸರು ಅದು. ಅದೇ ಗ್ರಂಥಿಯನ್ನು ಇನ್ನಷ್ಟು ಕೆದಕಿದಾಗ ಎರ್ಸ್ಪಾಮರ್‌ಗೆ 1948ರಲ್ಲಿ ಇನ್ನೊಂದು ಅಣು ಸಿಕ್ಕಿತು, ಆಕ್ಟೋಪಸ್ಸಿನಲ್ಲಿ ಸಿಕ್ಕಿದ್ದಕ್ಕೆ ಆಕ್ಟೊಪಮಿನ್. ಆಮೇಲೆ ನೋಡಿದರೆ ಅದು ಕೀಟಲೋಕದ ಮನೆಮಾತು. ಮಿಂಚುಹುಳು ಮಿಂಚುವುದೇ ಆಕ್ಟೊಪಮಿನ್ ಸೂಚನೆಯಿಂದ. ಹಸುವಿನ ಮೈಯ ಉಣ್ಣೆಗೆ ನಮ್ಮೂರ ಕಡೆ ನೀರಿಗೆ ಬೆರೆಸಿ ಹಚ್ಚುವ ಅಮಿಟ್ರಾಜ್ ಔಷಧಿ ಇದೆಯಲ್ಲ, ಅದು ಕೆಲಸ ಮಾಡುವುದು ಉಣ್ಣೆಯ ಮೈಯಲ್ಲಿ ಆಕ್ಟೊಪಮಿನ್ ಕೂರಬೇಕಾದ ಜಾಗದಲ್ಲಿ ತಾನು ಕೂತು. ಕೊಟ್ಟಿಗೆಯಲ್ಲಿ ಆ ಬಾಟಲಿ ಹಿಡಿದವರು ಸಮುದ್ರದ ಪ್ರಾಣಿಯೊಂದರ ಎಂಜಲನ್ನು ನೆನೆಯುವುದಿಲ್ಲ, ಬಿಡಿ.

ಈಗ ಆ ಒಂದು ಕುಲದ ವಿಷಯ. ನೀಲಿ ಉಂಗುರದ ಆಕ್ಟೋಪಸ್. ಜಪಾನಿನಿಂದ ಆಸ್ಟ್ರೇಲಿಯಾವರೆಗಿನ ಬೆಚ್ಚಗಿನ ಆಳವಿಲ್ಲದ ನೀರಿನಲ್ಲಿ ವಾಸ. ಅಂಗೈಯಲ್ಲಿ ಕೂರುವಷ್ಟು ಪುಟ್ಟದು. ಸುಮ್ಮನಿದ್ದಾಗ ಮಣ್ಣಿನ ಬಣ್ಣ, ಕೆಣಕಿದರೆ ಮೈಮೇಲೆ ಹೊಳೆಯುವ ನೀಲಿ ಉಂಗುರಗಳು. 1954ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್ ಹತ್ತಿರ ಒಬ್ಬ ಮುಳುಗುಗಾರ ಇದನ್ನು ಹೆಗಲ ಮೇಲೆ ಹತ್ತಿಸಿಕೊಂಡು, ಕಚ್ಚಿಸಿಕೊಂಡು, ತುಸು ಹೊತ್ತಿನಲ್ಲೇ ಸತ್ತರು. ಕಚ್ಚಿದ ಗಾಯ ಸೂಜಿ ಚುಚ್ಚಿದಷ್ಟು.

ಇದರ ಗ್ರಂಥಿಗಳೂ ಅದೇ ಜಾಗದಲ್ಲಿ, ಅದೇ ರಚನೆಯಲ್ಲಿ ಇವೆ. ಬೇರೆ ಇರುವುದು ಸರಕು. ಮೊದಲು ಅದನ್ನು ಹೊಸ ವಿಷ ಎಂದುಕೊಂಡು ಮ್ಯಾಕ್ಯುಲೊಟಾಕ್ಸಿನ್ ಎಂದಿದ್ದರು. 1978ರಲ್ಲಿ ಗೊತ್ತಾಯಿತು, ಅದು ಜಪಾನಿನವರು ಹೆದರುತ್ತಲೇ ತಿನ್ನುವ ಉಬ್ಬುಮೀನಿನಲ್ಲಿರುವ ಟೆಟ್ರೊಡೊಟಾಕ್ಸಿನ್ನೇ. ಪ್ರೋಟೀನ್ ಅಲ್ಲ, ಸಣ್ಣ ಅಣು. ಬೇಯಿಸಿದರೂ ಹಾಳಾಗದು. ಇದನ್ನು ಬ್ಯಾಕ್ಟೀರಿಯಾಗಳು ತಯಾರಿಸುತ್ತವೆ ಎನ್ನುವುದು ಬಹಳ ಕಾಲದಿಂದ ಇರುವ ವಾದ. ಅಂದರೆ ಇಲ್ಲಿ ಗ್ರಂಥಿ ಕಾರ್ಖಾನೆಗಿಂತ ಗೋದಾಮು ಇದ್ದ ಹಾಗೆ. ಅದೂ ಒಂದೇ ಗೋದಾಮಲ್ಲ. ತೋಳು, ಚರ್ಮ, ಕೊನೆಗೆ ಮೊಟ್ಟೆಯಲ್ಲೂ ಈ ವಿಷ ಇದೆ. ತಾಯಿ ತನ್ನ ಮೊಟ್ಟೆಗೆ ಬುತ್ತಿ ಕಟ್ಟಿದ ಹಾಗೆ ಕೊಟ್ಟು ಕಳಿಸುತ್ತದೆ. ಕಚ್ಚಿದರೂ ವಿಷ, ತಿಂದರೂ ವಿಷ ಎಂದು ಮೊದಲೇ ಹೇಳಿದ್ದು ಇದನ್ನೇ.

ಅದು ಕೆಲಸ ಮಾಡುವ ಬಗೆಗೆ ಮತ್ತೆ ನಾಲೆಗೇ ಹೋಗಬೇಕು. ನರದ ಗೋಡೆಯಲ್ಲಿ ಸೋಡಿಯಂ ನುಗ್ಗಲು ಸಾಲಾಗಿ ಸಣ್ಣ ತೂಬುಗಳಿವೆ. ಒಂದು ತೂಬು ತೆರೆದು ಸೋಡಿಯಂ ಒಳಗೆ ಬಂದರೆ ಅದರ ಎಳೆತಕ್ಕೆ ಪಕ್ಕದ್ದು ತೆರೆಯುತ್ತದೆ, ಅದರ ಪಕ್ಕದ್ದು, ಹೀಗೆ ಸುದ್ದಿ ಓಡುತ್ತದೆ. ಟೆಟ್ರೊಡೊಟಾಕ್ಸಿನ್ ತೂಬಿನ ಬಾಯಿಗೆ ಸರಿಯಾಗಿ ಕೂರುವ ಬೆಣೆ. ಬೆಣೆ ಕೂತ ಮೇಲೆ ನೀರುಗಂಟಿ ಎಷ್ಟು ಕೂಗಿದರೂ ನೀರು ಬಾರದು. ತುಟಿ ಜೋಮು ಹಿಡಿಯುತ್ತದೆ, ಮಾತು ತೊದಲುತ್ತದೆ, ಕೈಕಾಲು ಬೀಳುತ್ತವೆ, ಕೊನೆಗೆ ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ಎಚ್ಚರ ಮಾತ್ರ ಇರಬಹುದು, ಅದೇ ಭಯಾನಕ. ಪ್ರತಿವಿಷ ಇಲ್ಲ. ಆದರೆ ಬೆಣೆ ಶಾಶ್ವತವೂ ಅಲ್ಲ. ಬೇರೆಯವರು ಬಾಯಿಗೆ ಬಾಯಿ ಇಟ್ಟೋ ಯಂತ್ರ ಹಾಕಿಯೋ ಉಸಿರು ಕೊಡುತ್ತಾ ಹೋದರೆ, ವಿಷ ಮೈಯಿಂದ ಹೊರಬಿದ್ದು ಮನುಷ್ಯ ಎದ್ದು ಕೂರುತ್ತಾನೆ. ಆಕ್ಟೋಪಸ್ಸಿನ ಸ್ವಂತ ತೂಬುಗಳ ಬಾಯಿ ಸ್ವಲ್ಪ ಬೇರೆ ಆಕಾರದ್ದು, ಬೆಣೆ ಅಲ್ಲಿ ಸರಿಯಾಗಿ ಕೂರುವುದಿಲ್ಲ. ಅದಕ್ಕೇ ಅದು ತನ್ನ ಎಂಜಲು ನುಂಗಿಯೂ ಬದುಕಿದೆ.

ಈ ಕುಲದ ಗಂಡುಗಳ ಬಗ್ಗೆ 2025ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಸುದ್ದಿ ಗ್ರಂಥಿಯ ಲೆಕ್ಕವನ್ನೇ ತಿರುಗಿಸಿತು. ನೀಲಿ ಗೆರೆಯ ಆಕ್ಟೋಪಸ್ಸಿನಲ್ಲಿ ಹೆಣ್ಣು ದೊಡ್ಡದು, ಗಂಡು ಪುಟ್ಟದು. ಕೂಡುವ ಸಮಯದಲ್ಲಿ ಹೆಣ್ಣು ಗಂಡನ್ನೇ ತಿಂದುಬಿಡುವ ಅಪಾಯ ಇದೆ. ಗಂಡು ಹೆಣ್ಣಿನ ಬೆನ್ನೇರಿ, ತಲೆಯ ಹಿಂದೆ, ದೊಡ್ಡ ರಕ್ತನಾಳ ಹಾದುಹೋಗುವ ಜಾಗಕ್ಕೇ ಕಚ್ಚಿ ವಿಷ ಇಳಿಸುತ್ತದೆ. ಹೆಣ್ಣು ಬಿಳಿಚಿಕೊಂಡು, ಉಸಿರಾಟ ನಿಂತು, ಅಲ್ಲಾಡದೆ ಬಿದ್ದಿರುತ್ತದೆ. ಕೆಲಸ ಮುಗಿದು ಗಂಡು ಹೋದ ಮೇಲೆ ಚೇತರಿಸಿಕೊಳ್ಳುತ್ತದೆ, ಅದಕ್ಕೂ ಈ ವಿಷ ಅಷ್ಟಾಗಿ ತಾಗದು. ಕೊಯ್ದು ತೂಗಿ ನೋಡಿದರೆ ಪುಟ್ಟ ಗಂಡಿನ ಹಿಂಬದಿಯ ಗ್ರಂಥಿಗಳು ಹೆಣ್ಣಿನದಕ್ಕಿಂತ ಸುಮಾರು 3 ಪಟ್ಟು ಭಾರ. ಬೇಟೆಗೆ ಮಾತ್ರ ಆಗಿದ್ದರೆ ಅಷ್ಟು ವ್ಯತ್ಯಾಸ ಯಾಕೆ ಬೇಕು?

ನನ್ನ ಒಗೆಯುವ ಕಲ್ಲಿನ ಮೇಲಿದ್ದದ್ದು ಅಂಥದ್ದಲ್ಲ, ತಿನ್ನುವ ಜಾತಿಯದ್ದು. ಒಳಗಿನ ಕರುಳು, ಈಲಿಯ ಜೊತೆಗೇ ಗ್ರಂಥಿಗಳೂ ಹೋಗುವುದರಿಂದ, ಉಳಿದ ಪ್ರೋಟೀನ್ ವಿಷ ಬೆಂಕಿಗೆ ಕೆಡುವುದರಿಂದ, ತಿನ್ನುವವರಿಗೆ ಭಯವಿಲ್ಲ. ತೋಳುಗಳನ್ನು ಬೇಯಿಸಿದೆ. ರಬ್ಬರಿನಂತಾಯಿತು, ತಪ್ಪು ನನ್ನದೇ. ಎರಡು ಬೆಣ್ಣೆ ಬಣ್ಣದ ಗ್ರಂಥಿಗಳಲ್ಲಿ ಒಂದನ್ನು ಕೊಯ್ದು ಹಾಳು ಮಾಡಿದ್ದೆ. ಇನ್ನೊಂದನ್ನು ನೋಡಿಕೊಳ್ಳುವಷ್ಟರಲ್ಲಿ ಗೋಡೆಯ ಮೇಲಿನ ಬೆಕ್ಕು ಇಳಿದು ಬಂದು, ಮೂಸಿ, ಬಿಟ್ಟು, ಒಂದು ತೋಳನ್ನು ಕಚ್ಚಿಕೊಂಡು ಓಡಿತು.

ಮುಂದಿನ ಸಲ ಊರಿಗೆ ಹೋದಾಗ ದೊಡ್ಡಮ್ಮನಿಗೆ ಇದನ್ನೆಲ್ಲ ಹೇಳಿದೆ. ಚಿಪ್ಪು ಒಡೆಯದೆ, ಒಂದು ಹನಿ ಜೊಲ್ಲು ಬಿಟ್ಟು, ಮಾಂಸ ತಾನಾಗಿ ಬಿಡುವಂತೆ ಮಾಡುತ್ತದೆ ಎಂದೆ. ಅವರು ನಳ್ಳಿಯ ಕೊಂಡಿ ಕಾಲೊಂದನ್ನು ನನ್ನ ತಟ್ಟೆಗೆ ಹಾಕುತ್ತಾ ಕೇಳಿದರು: "ಅಂದ್ರೆ ಎಂಜ್ಲಲ್ಲೇ ಅಡ್ಗೆ ಮಾಡ್ಕತದಾ? ಉಪ್ಪು ಖಾರ ಯಾರ್ಲಾ ಹಾಕೋರು ಅದ್ಕೆ?"